ಕೌರವನಿಗೆ ಉಳಿದಿದ್ದು ಎರಡು ಪದ, ನಾಲ್ಕು ಮಾತು

ಮೊನ್ನೆ ಶಿರಸಿ ಕಡೆ ಒಂದು ಹಾಲ್‌ನಲ್ಲಿ ಯಕ್ಷಗಾನ ಆಟ ನೋಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಪ್ರಸಂಗ ಗದಾಯುದ್ಧ, ಆರು ಗಂಟೆಗೆ ಶುರು ಎಂದು ಕರಪತ್ರದಲ್ಲಿತ್ತು. ಆರಕ್ಕೆ ಶುರುವಾಗಿದ್ದು ಸಭೆ. ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಆಮೇಲೆ ಶಾಲು, ಹಾರ, ಫಲಕ, ಸನ್ಮಾನ ಪತ್ರ ಓದುವುದು, ಸನ್ಮಾನಿತರ ಮಾತು, ಅತಿಥಿಗಳ ಮಾತು, ಕೊನೆಗೆ ಅಧ್ಯಕ್ಷರದ್ದು. ಎಂಟಾದರೂ ಚಂಡೆ ಸದ್ದಿಲ್ಲ. ಹತ್ತಕ್ಕೆ ಹಾಲ್ ಬಿಟ್ಟುಕೊಡಬೇಕು.

ಅಷ್ಟೂ ಹೊತ್ತು ವೇಷದವರು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ ಕೂತಿದ್ದರು. ನಮ್ಮಪ್ಪ ಮದ್ದಳೆ ಬಾರಿಸುತ್ತಿದ್ದವರು, ನಿಮಗೆಲ್ಲ ಗೊತ್ತು. ಚೌಕಿಯಲ್ಲೇ ಆಡಿ ಬೆಳೆದವಳು ನಾನು. ಕಿರೀಟವೋ ಮುಂಡಾಸೋ, ತಲೆಗೆ ಬಿಗಿದು ಕಟ್ಟಿದ ಮೇಲೆ ಸುಮ್ನೆ ಕೂರುವುದು ಕುಣಿಯುವುದಕ್ಕಿಂತ ಕಷ್ಟ. ಹಣೆ ಸಿಡಿಯುತ್ತದೆ, ಬಣ್ಣ ಬೆವರಿಗೆ ಕರಗುತ್ತದೆ, ಒರಗುವ ಹಾಗೂ ಇಲ್ಲ.

ಗದಾಯುದ್ಧದಲ್ಲಿ ನಾನು ಕಾಯುವುದು ಕೌರವ ವೈಶಂಪಾಯನ ಸರೋವರಕ್ಕೆ ಇಳಿಯುವ ಭಾಗಕ್ಕೆ. ಎಲ್ಲರನ್ನೂ ಕಳೆದುಕೊಂಡವನು ಹೆಣಗಳ ನಡುವೆ ಒಬ್ಬನೇ ನಡೆಯುತ್ತಾನೆ. ಅಲ್ಲಿ ಹಾಡುವ ಭಾಗವತರು ಪದವನ್ನು, ಅಂದರೆ ಹಾಡನ್ನು ನಿಧಾನಕ್ಕೆ ಎಳೆಯಬೇಕು, ಅದಕ್ಕೆ ಅರ್ಥ ಹೇಳುವ ಕೌರವನ ವೇಷದವರು ಮಾತಿನಲ್ಲಿ ಕರ್ಣನನ್ನು, ದುಶ್ಶಾಸನನನ್ನು ಒಬ್ಬೊಬ್ಬರಾಗಿ ನೆನೆಯಬೇಕು, ನಮಗೂ ಅವನ ಮೇಲೆ ಕನಿಕರ ಹುಟ್ಟಬೇಕು. ಮೊನ್ನೆ ಎರಡು ಪದ, ನಾಲ್ಕು ಮಾತು, ಕೌರವ ನೀರಿಗಿಳಿದಾಯ್ತು. ಹಿಂದೆಯೇ ಭೀಮ ಬಂದ. ತೊಡೆ ಮುರಿಯಿತು, ಮಂಗಳ. ಒಳ್ಳೆಯ ಕಲಾವಿದರು ಅವರು. ಅವರ ಕೈಯಿಂದ ಹೊತ್ತನ್ನೇ ಕಿತ್ತುಕೊಂಡರೆ ಏನು ಮಾಡಿಯಾರು?

ಈಗ ರಾತ್ರಿಯಿಡೀ ಯಾರು ಕೂರುತ್ತಾರೆ ಅನ್ನಬೇಡಿ. ಇಷ್ಟೇ ಗಂಟೆ ಎಂದು ಮೊದಲೇ ಗೊತ್ತು ಮಾಡಿದ ಕಾಲಮಿತಿ ಆಟದ ಬಗ್ಗೆ ನನ್ನ ತಕರಾರಿಲ್ಲ. ಜಾವಾದ ತೊಗಲುಗೊಂಬೆಯಾಟ ವಾಯಾಂಗ್ ಕುಲಿತ್‌ನಲ್ಲೂ ನಮ್ಮದೇ ರಾಮಾಯಣ, ಮಹಾಭಾರತ. ಗೊಂಬೆ ಆಡಿಸುವ ದಾಲಾಂಗ್ ರಾತ್ರಿಯಿಂದ ಬೆಳಗಿನವರೆಗೆ ಕೂತು ಎಲ್ಲ ಪಾತ್ರಗಳ ಮಾತನ್ನೂ ಒಬ್ಬನೇ ಆಡುತ್ತಾನೆ. ನಡುರಾತ್ರಿ ಸೆಮಾರ್ ಮತ್ತು ಅವನ ಮಕ್ಕಳು ಬಂದು ನಗಿಸುತ್ತಾರೆ, ನಮ್ಮ ಹಾಸ್ಯಗಾರರ ಹಾಗೇ. ವಾಯಾಂಗ್‌ಗೆ 2003ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು. ಅಲ್ಲೂ ಈಗ ಚಿಕ್ಕ ಆಟಗಳಿವೆ. ಆದರೆ ಏನು ಇಡಬೇಕು, ಏನು ಬಿಡಬೇಕು ಎಂದು ಕಲಾವಿದರೇ ಕೂತು ಯೋಚಿಸಿ ಚಿಕ್ಕದು ಮಾಡುವುದು ಬೇರೆ, ಭಾಷಣ ಉದ್ದವಾಯ್ತು ಎಂದು ಚೌಕಿಗೆ ಬಂದು ‘ಸ್ವಲ್ಪ ಬೇಗ ಮುಗಿಸಿ’ ಅನ್ನುವುದು ಬೇರೆ ಅಲ್ವಾ?

ದುಡ್ಡು ಕೊಟ್ಟವರನ್ನು ವೇದಿಕೆಗೆ ಕರೆಯದಿದ್ದರೆ ಮುಂದಿನ ವರ್ಷ ಆಟವೇ ಇಲ್ಲ ಎಂದು ಸಂಘಟಕರೊಬ್ಬರು ಹೇಳಿದರು. ಕರೆಯಿರಿ, ಶಾಲು ಹೊದೆಸಿ. ಅದಕ್ಕೆ ಎರಡು ಗಂಟೆ ಬೇಕಾ? ದುಡ್ಡು ಕೊಟ್ಟವರಲ್ಲೂ ಹೆಚ್ಚಿನವರು ಆಟದ ಹುಚ್ಚಿನವರೇ. ಅವರೂ ಗಡಿಯಾರ ನೋಡುತ್ತಿದ್ದರು.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮೇಳ ಕಟ್ಟಿದ ಜಿಲ್ಲೆ ಇದು. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು, ಆದರೆ ಜನ ಇವತ್ತಿಗೂ ಮಾತಾಡುವುದು ಅವರ ಕೀಚಕನ ಬಗ್ಗೆ, ಭಸ್ಮಾಸುರನ ಬಗ್ಗೆ. ಯಾವ ಊರಲ್ಲಿ ಯಾರು ಅವರಿಗೆ ಹಾರ ಹಾಕಿದರು ಎಂದು ಯಾರಿಗೆ ನೆನಪಿದೆ?

ಮುಂದಿನ ತಿಂಗಳು ನಮ್ಮೂರಲ್ಲೂ ಆಟ ಇದೆ. ಕಮಿಟಿಯವರೇ, ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ಸಭೆಗೆ ಅರ್ಧ ಗಂಟೆ ಇಡಿ, ಅದನ್ನು ಕರಪತ್ರದಲ್ಲೇ ಹಾಕಿ. ಜಾಸ್ತಿ ಆದರೆ ನಾನೇ ಎದ್ದು ನಿಂತು ಕೇಳುತ್ತೇನೆ.