ಒಂದ್ಸಲ ಬಿಚ್ಚಿಯಾದ್ರೂ ನೋಡ್ರಪ್ಪಾ!

ಬಲಗೈ ಹೆಬ್ಬೆರಳಿಗೆ ಬೊಬ್ಬೆ ಎದ್ದಿದೆ. ಸೊಂಟ ಹಿಡಿದುಕೊಂಡಿದೆ. ಆದರೂ ಬೆಳಿಗ್ಗೆಯಿಂದ ಹತ್ತು ಸಲ ಬಚ್ಚಲುಮನೆ ಬಾಗಿಲಲ್ಲಿ ನಿಂತು, ತಿಂಗಳುಗಟ್ಟಲೆ ಸೋರುತ್ತಿದ್ದ ಶವರ್ ನೋಡಿ ಬಂದಿದ್ದೇನೆ. ಒಂದು ಹನಿ ಬೀಳುತ್ತಿಲ್ಲ!

ಖುಷಿ ಆಮೇಲೆ, ಮೊದಲು ಸಿಟ್ಟು.

ಕಳೆದ ವಾರ ಪ್ಲಂಬರ್ ಬಂದಿದ್ದರು. ಬಚ್ಚಲಿನೊಳಗೆ ಕಾಲೂ ಇಡಲಿಲ್ಲ. ಹೊಸ್ತಿಲಲ್ಲೇ ನಿಂತು ಮೊಬೈಲ್ ಟಾರ್ಚ್ ಬಿಟ್ಟು, "ಪೂರ್ತಿ ಚೇಂಜ್ ಮಾಡ್ಬೇಕು ಮೇಡಂ" ಅಂದರು. ಪೂರ್ತಿ ಅಂದರೆ ಗೋಡೆಯೊಳಗೆ ಹೂತಿರುವ ಫಿಟಿಂಗಿನ ಬಾಡಿ ಸಮೇತ. ನಾಲ್ಕು ಟೈಲ್ಸ್ ಒಡೆಯಬೇಕಂತೆ. ಹೊಸ ಡೈವರ್ಟರ್ (ಬಿಸಿನೀರು, ತಣ್ಣೀರು ಬೆರೆಸಿ ಶವರಿಗೆ ಬಿಡುವ ಫಿಟಿಂಗ್), ಕೂಲಿ, ಸಿಮೆಂಟ್ ಎಲ್ಲ ಸೇರಿ 11,000 ರೂಪಾಯಿ. ಆ ಟೈಲ್ಸ್ ಈಗ ಸಿಗಲ್ಲ, "ಬೇರೆ ಡಿಸೈನ್ ಹಾಕೋಣ, ಹೈಲೈಟ್ ಥರ ಕಾಣುತ್ತೆ" ಅಂತ ಸಮಾಧಾನ ಬೇರೆ. ಹೈಲೈಟ್ ಅಂತೆ!

"ಬಿಚ್ಚಿ ನೋಡಿದ್ರಾ?" ಅಂದೆ.

"ನೋಡೋದೇನಿದೆ ಮೇಡಂ, ಹಳೇ ಮಾಡೆಲ್ಲು."

ಅಲ್ಲಾ, ನನಗೂ ಐವತ್ತೆರಡು. ನಾನೂ ಹಳೇ ಮಾಡೆಲ್ಲೇ. ಮಂಡಿನೋವು ಅಂತ ಹೋದರೆ ಡಾಕ್ಟರ್ ಕೂಡ ಮೊದಲು ಮುಟ್ಟಿ ನೋಡುತ್ತಾರೆ, ಬಾಗಿಲಲ್ಲೇ ನಿಲ್ಲಿಸಿ ಕಾಲು ಚೇಂಜ್ ಮಾಡಿ ಅನ್ನುವುದಿಲ್ಲ. ಈ ರೋಗ ಪ್ಲಂಬರ್ ಒಬ್ಬರದೇ ಅಲ್ಲ. ವಾಷಿಂಗ್ ಮೆಷಿನ್ ನಿಂತರೆ "ಬೋರ್ಡ್ ಹೋಗಿದೆ". ಮಿಕ್ಸಿ ಗೊರಗೊರ ಅಂದರೆ "ಇದಕ್ಕೆ ಹಾಕೋ ದುಡ್ಡಲ್ಲಿ ಹೊಸದೇ ಬರುತ್ತೆ". ಸ್ಕ್ರೂಡ್ರೈವರ್ ಜೇಬಿನಿಂದ ಹೊರಗೇ ಬರುವುದಿಲ್ಲ.

ಅರಸೀಕೆರೆ ಮನೆಯಲ್ಲಿ ಅಪ್ಪ ಸವೆದ ಹವಾಯಿ ಚಪ್ಪಲಿಯನ್ನು ಎಸೆಯಲು ಬಿಡುತ್ತಿರಲಿಲ್ಲ. ಹಿತ್ತಾಳೆ ನಲ್ಲಿ ಸೋರಿದರೆ ಚಪ್ಪಲಿಯಿಂದ ದುಂಡಗೆ ಒಂದು ಚೂರು ಕತ್ತರಿಸಿ, ಮಧ್ಯೆ ಮೊಳೆಯಿಂದ ತೂತು ಮಾಡಿದರೆ ವಾಷರ್ ರೆಡಿ. ಹತ್ತು ನಿಮಿಷದ ಕೆಲಸ. ನಾವು ಅದನ್ನು ನೋಡಿ ನಗುತ್ತಿದ್ದೆವು.

ಇರಲಿ, ನನ್ನ ಮರ್ಯಾದೆಯನ್ನೂ ಸ್ವಲ್ಪ ತೆಗೆದುಕೊಳ್ಳುತ್ತೇನೆ. 2011ರಲ್ಲಿ ಮನೆ ಕಟ್ಟಿಸುವಾಗ ಕನ್ಸೀಲ್ಡ್ ಫಿಟಿಂಗೇ ಬೇಕು ಅಂತ ಹಟ ಹಿಡಿದವಳು ನಾನು. "ಗೋಡೆಯೊಳಗೆ ಹೂತಿಟ್ಟರೆ ನಾಳೆ ಕೆಟ್ಟಾಗ ಯಾರೇ ನೋಡೋದು" ಅಂತ ಅಮ್ಮ ಆಗಲೇ ಕೇಳಿದ್ದಳು. ಇನ್ನೊಂದು, ಈ ಹನಿ ಶುರುವಾಗಿ ಮೂರು ತಿಂಗಳಾಗಿತ್ತು. ನಾನು ಮಾಡಿದ್ದು ಕೆಳಗೊಂದು ಬಕೆಟ್ ಇಟ್ಟಿದ್ದು, ಅಷ್ಟೇ. ರಾತ್ರಿ ಹತ್ತಕ್ಕೆ ಇಟ್ಟರೆ ಬೆಳಿಗ್ಗೆ ಆರಕ್ಕೆ ಮುಕ್ಕಾಲು ಬಕೆಟ್. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಬೆಂಗಳೂರಿಗೆ ಹತ್ತಿಸಿದ ಕಾವೇರಿ ಅದು! 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ ಇಲ್ಲೇ ಉದ್ದುದ್ದ ಬರೆದು ಲೈಕ್ ತಗೊಂಡಿದ್ದೆ. ಹಳೇ ಪೋಸ್ಟ್ ಹುಡುಕಬೇಡಿ, ದಯವಿಟ್ಟು.

ಹಾಗಾಗಿ ನಿನ್ನೆ ನಾನೇ ಕೂತೆ. ಗೀಸರ್ ಆಫ್ ಮಾಡಿ, ಅದರ ಕೆಳಗಿನ ಆಂಗಲ್ ಕಾಕ್, ಅಂದರೆ ಗೀಸರಿಗೆ ನೀರು ಬಿಡುವ ಪುಟ್ಟ ನಲ್ಲಿ, ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಹನಿ ನಿಂತಿತು. ಅಂದರೆ ಕಳ್ಳ ಇರುವುದು ಬಿಸಿನೀರಿನ ಕಡೆ. ಆಮೇಲೆ ತಾರಸಿ ಹತ್ತಿ ಗೇಟ್ ವಾಲ್ವ್ ಮುಚ್ಚಿದೆ (ಅದೂ ತುಕ್ಕು ಹಿಡಿದಿತ್ತು, ಬೊಬ್ಬೆ ಬಂದದ್ದು ಅಲ್ಲೇ). ಕೆಳಗೆ ಬಂದು, ಬಿಸಿನೀರಿನ ಹಿಡಿಯ ಮೇಲಿನ ಕೆಂಪು ಚುಕ್ಕೆಯ ಮುಚ್ಚಳವನ್ನು ಚಾಕುವಿನ ತುದಿಯಿಂದ ಎಬ್ಬಿಸಿದರೆ ಒಳಗೊಂದು ಸ್ಕ್ರೂ. ಹಿಡಿ ಬಂತು, ಅದರ ಹಿಂದೆ ಗೋಡೆಗೆ ಅಂಟಿದ್ದ ಬಿಲ್ಲೆ, ಫ್ಲಾಂಜ್, ಬಂತು. ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿದೆ. ಕಿರ್ರ್ ಅಂತ ಸ್ಪಿಂಡಲ್ (ಹಿಡಿ ತಿರುಗಿಸಿದಾಗ ನೀರು ಬಿಡುವ, ನಿಲ್ಲಿಸುವ ಭಾಗ) ಇಡೀ ಕೈಗೆ ಬಂತು. ಒಂದು ಟೈಲ್ಸಿಗೂ ಗೀರು ಬಿದ್ದಿಲ್ಲ!

ಅದನ್ನು ನೋಡಿ ನನಗೆ ನಾಚಿಕೆಯಾಯಿತು. ತುದಿಯ ರಬ್ಬರ್ ಚಪ್ಪಟೆಯಾಗಿತ್ತು. ಒಳಗಿನ ಸೆರಾಮಿಕ್ ಬಿಲ್ಲೆಗಳ ಅಂಚಿಗೆಲ್ಲ ಬಿಳಿ ಹಕ್ಕಳೆ. ಎರಡು ಹನಿ ನಿಂಬೆರಸ ಬಿಟ್ಟೆ, ಬುಸುಬುಸು ನೊರೆ. ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಸಂಪಿನಲ್ಲಿ ಕಾವೇರಿ ಜೊತೆ ಬೋರ್ ನೀರೂ ಸೇರುತ್ತದೆ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಬೈಕಾರ್ಬೊನೇಟ್ ಸುಣ್ಣದ ಹಕ್ಕಳೆಯಾಗಿ ಕೂರುತ್ತದೆ. ಬಿಸಿನೀರಿನ ಕಡೆಯದೇ ಮೊದಲು ಕೈಕೊಟ್ಟದ್ದು ಅದಕ್ಕೇ. ಇದನ್ನು ಇಪ್ಪತ್ತೆರಡು ವರ್ಷದಿಂದ ಪಿಯುಸಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿರುವವಳು ಯಾರು ಅಂತ ನಿಮಗೆ ಗೊತ್ತಲ್ಲ.

ಹಳೇ ಸ್ಪಿಂಡಲ್ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಕನ್ನಡಕ ಏರಿಸಿ, ಹಿಡಿ ಕೂರುವ ಕಡೆಯ ಹಲ್ಲು ಒಂದೊಂದಾಗಿ ಎಣಿಸಿದರು. ನೋಡಿ, ಒಬ್ಬರಾದರೂ ಮುಟ್ಟಿ ನೋಡಿದರು! 280 ರೂಪಾಯಿ. ಮನೆಗೆ ತಂದು ಹಾಕಿದರೆ ಹಿಡಿ ಉಲ್ಟಾ ತಿರುಗುತ್ತಿದೆ. ಬಲಕ್ಕೆ ತಿರುಗುವುದು ಬೇರೆ, ಎಡಕ್ಕೆ ತಿರುಗುವುದು ಬೇರೆ ಅಂತ ನಮ್ಮಿಬ್ಬರಿಗೂ ನೆನಪಾಗಿರಲಿಲ್ಲ. ಮತ್ತೆ ಹೋದೆ. ನಮ್ಮನೆಯವರು ಟಿವಿ ಮುಂದಿನಿಂದಲೇ "ಪ್ಲಂಬರ್‌ನೇ ಕರೀಬಹುದಿತ್ತು" ಅಂದರು. ಉತ್ತರ ಕೊಡಲಿಲ್ಲ, ಕೈಯಲ್ಲಿ ಸ್ಪ್ಯಾನರ್ ಇತ್ತು.

ಈಗ ಕಾಮೆಂಟಿನಲ್ಲಿ ಯಾರಾದರೂ ಬಂದೇ ಬರುತ್ತೀರಿ. ಪಾಪ, ಪ್ಲಂಬರ್‌ಗಳ ಹೊಟ್ಟೆಪಾಡು. 280 ರೂಪಾಯಿ ಸ್ಪಿಂಡಲ್ ಹಾಕಿ ಅವರಿಗೇನು ಉಳಿಯುತ್ತದೆ, ನಾಳೆ ಮತ್ತೆ ಸೋರಿದರೆ ಬೈಸಿಕೊಳ್ಳುವವರೂ ಅವರೇ ತಾನೇ ಅಂತ. ಸರಿಯಪ್ಪ, ಒಪ್ಪಿದೆ. ಹಾಗಾದರೆ ಬಿಚ್ಚಿ ನೋಡಿದ್ದಕ್ಕೇ ಐನೂರು ಕೇಳಿ, ಸುಮ್ನೆ ಕೊಡುತ್ತೇನೆ. ಗೋಡೆಯೊಳಗಿನ ಬಾಡಿಯೇ ಒಡೆದಿದ್ದರೆ ಟೈಲ್ಸೂ ಒಡೆಯಿರಿ. ಆದರೆ ಅದು ಒಡೆದಿದೆ ಅಂತ ಹೊಸ್ತಿಲಲ್ಲಿ ನಿಂತು ಹೇಗೆ ಗೊತ್ತಾಯಿತು?

ಇದನ್ನು ಬರೆಯುತ್ತಿರುವಾಗಲೇ ಅವರ ಫೋನ್ ಬಂತು. "ಮೇಡಂ, ಯಾವತ್ತು ಒಡೆಯೋಣ?"

"ಬೇಡ ಅಣ್ಣ, ಸ್ಪಿಂಡಲ್ ಹಾಕಿದೆ, ನಿಂತಿದೆ."

ಸ್ವಲ್ಪ ಹೊತ್ತು ಮಾತಿಲ್ಲ.

"ಆ ಮಾಡೆಲ್ಲಿಂದು ಯಾವ ಅಂಗಡೀಲಿ ಸಿಕ್ತು ಮೇಡಂ?"

ಹೇಳಿದೆ. ಹಲ್ಲು ಎಣಿಸಿಕೊಂಡು ಹೋಗಿ ಅಂತಲೂ ಹೇಳಿದೆ.