ನೂರನೆಯ ಸ್ಥಾನ, ಒಂದು ವಾರ

ರಾಕ್ ಸಂಗೀತದ ಬಗ್ಗೆ ಹೊಗಳಿಕೆ ತೆಗಳಿಕೆಗಳ ಗೊಡವೆಗೇ ಹೋಗದ ಪುಸ್ತಕಗಳಿವೆ. ಹಾಡಿನ ಹೆಸರು, ಜನಪ್ರಿಯತೆಯ ಪಟ್ಟಿಯನ್ನು ಹೊಕ್ಕ ದಿನಾಂಕ, ಏರಿದ ಎತ್ತರ, ಉಳಿದ ವಾರಗಳು, ಅಷ್ಟೇ. ಪಂಚಾಂಗದ ಹಾಗೆ ಸಾಲು ಸಾಲು ಅಂಕಿಗಳು. ವಿಮರ್ಶಕರ ದಪ್ಪ ಗ್ರಂಥಗಳಿಗಿಂತ ನನಗೆ ಇವುಗಳೇ ಇಷ್ಟ. ಇವು ನನ್ನ ಅಭಿರುಚಿಯನ್ನು ತಿದ್ದಲು ಬರುವುದಿಲ್ಲ.

ಈ ಕುಲದ ಹಿರಿಯರು ಅಮೆರಿಕದ ವಿಸ್ಕಾನ್ಸಿನ್ನಿನ ಜೋಯಲ್ ವಿಟ್‌ಬರ್ನ್. ತಮ್ಮ ರೆಕಾರ್ಡುಗಳನ್ನು ಓರಣವಾಗಿಡಲೆಂದು ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಗಳಿಂದ ಕಾರ್ಡುಗಳ ಮೇಲೆ ವಿವರ ಬರೆದಿಟ್ಟುಕೊಳ್ಳತೊಡಗಿದರು. 1970ರಲ್ಲಿ ಅದು ಪುಸ್ತಕವಾಯಿತು. 1958ರಲ್ಲಿ ಶುರುವಾದ, ವಾರವಾರದ ನೂರು ಜನಪ್ರಿಯ ಹಾಡುಗಳ 'ಹಾಟ್ 100' ಎಂಬ ಬಿಲ್‌ಬೋರ್ಡ್ ಪಟ್ಟಿಗೆ ಬಂದ ರೆಕಾರ್ಡುಗಳನ್ನೆಲ್ಲ ಅವರು ಕೂಡಿಹಾಕಿದರು. ಮನೆಯವರ ತಾಳ್ಮೆಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಅಂಕಿಗಳು ಇಷ್ಟು ಗಂಭೀರವಾಗಿ ನಿಂತಿದ್ದರೂ ಅವುಗಳ ಹುಟ್ಟು ಅಷ್ಟೇನೂ ಗಂಭೀರವಲ್ಲ. ಬ್ರಿಟನ್ನಿನ ಮೊದಲ ಪಟ್ಟಿ 1952ರ ನವೆಂಬರ್ 14ರಂದು 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ಬಂತು. ಪರ್ಸಿ ಡಿಕಿನ್ಸ್ ಎಂಬವರು ಇಪ್ಪತ್ತರಷ್ಟು ಅಂಗಡಿಗಳಿಗೆ ಫೋನ್ ಮಾಡಿ ಏನೇನು ಮಾರಾಟವಾಯಿತೆಂದು ಕೇಳಿ ಬರೆದುಕೊಂಡಿದ್ದರು. ಸ್ಥಾನಗಳು ಹನ್ನೆರಡು, ಹಾಡುಗಳು ಹದಿನೈದು! ಕೆಲವು ಸಮನಾಗಿ ಬಂದಿದ್ದವು, ಯಾರನ್ನೂ ನೋಯಿಸದೆ ಎಲ್ಲರನ್ನೂ ಕೂರಿಸಿದರು.

ಆಮೇಲೆ ಪತ್ರಿಕೆಗೊಂದು ಪಟ್ಟಿಯಾಯಿತು. 1963ರಲ್ಲಿ ಬೀಟಲ್ಸ್‌ ತಂಡದ 'ಪ್ಲೀಸ್ ಪ್ಲೀಸ್ ಮಿ' ಎರಡು ದೊಡ್ಡ ಪತ್ರಿಕೆಗಳಲ್ಲಿ ಮೊದಲ ಸ್ಥಾನಕ್ಕೇರಿತು, 'ರೆಕಾರ್ಡ್ ರೀಟೇಲರ್'ನಲ್ಲಿ ಮಾತ್ರ ಎರಡನೆಯದು. 1977ರಲ್ಲಿ ಗಿನ್ನೆಸ್‌ನವರು ಬ್ರಿಟಿಷ್ ಜನಪ್ರಿಯ ಹಾಡುಗಳ ಕೋಶ ತಂದಾಗ ಅರವತ್ತರ ದಶಕಕ್ಕೆ ಆಧಾರವಾಗಿ ಹಿಡಿದದ್ದು ಈ ಮೂರನೆಯ ಪಟ್ಟಿಯನ್ನೇ. ಹಾಡು ಶಾಶ್ವತವಾಗಿ ಎರಡನೆಯದಾಯಿತು. 2000ದಲ್ಲಿ ಬೀಟಲ್ಸ್‌ನ ಮೊದಲ ಸ್ಥಾನದ ಹಾಡುಗಳನ್ನೆಲ್ಲ ಸೇರಿಸಿ ಆಲ್ಬಂ ತಂದಾಗಲೂ ಅದಕ್ಕೆ ಜಾಗ ಸಿಗಲಿಲ್ಲ. ಅಂದು ಕೊಂಡು ಕುಣಿದವರ ಸಾಕ್ಷಿಯನ್ನು ಯಾರು ಕೇಳುತ್ತಾರೆ?

ಲೆಡ್ ಝೆಪೆಲಿನ್ ತಂಡದ ಹೆಸರುವಾಸಿ ಹಾಡು 'ಸ್ಟೇರ್‌ವೇ ಟು ಹೆವನ್' ಹುಡುಕಿದರೆ ವಿಟ್‌ಬರ್ನರ ಹಾಟ್ 100 ಲೆಕ್ಕದಲ್ಲಿ ಸಿಗುವುದಿಲ್ಲ. ಆಗ ಆ ಪಟ್ಟಿಗೆ ಬರುತ್ತಿದ್ದದ್ದು ಬಿಡಿ ರೆಕಾರ್ಡುಗಳು ಮಾತ್ರ, ಈ ಹಾಡನ್ನು ಅಮೆರಿಕದಲ್ಲಿ ಹಾಗೆ ಮಾರಲೇ ಇಲ್ಲ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ಪಾಡು ಇನ್ನೂ ಹೊಟ್ಟೆ ಉರಿಸುವಂಥದ್ದು. ಹಾಟ್ 100ರಲ್ಲಿ ಅವರ ಐದು ರೆಕಾರ್ಡುಗಳು ಎರಡನೆಯ ಸ್ಥಾನದವರೆಗೆ ಬಂದವು, ಒಂದೂ ಅಲ್ಲಿ ಮೊದಲನೆಯದಾಗಲಿಲ್ಲ.

ಆದರೆ ನಾನು ಹೆಚ್ಚು ಹೊತ್ತು ಕಳೆಯುವುದು ಗೆದ್ದವರ ಹತ್ತಿರವೂ ಅಲ್ಲ, ಸ್ವಲ್ಪದರಲ್ಲಿ ಸೋತವರ ಹತ್ತಿರವೂ ಅಲ್ಲ. 'ನೂರನೆಯ ಸ್ಥಾನ, ಒಂದು ವಾರ' ಎಂಬ ಸಾಲುಗಳಿರುತ್ತವಲ್ಲ, ಅವುಗಳ ಬಳಿ. ಏಳು ದಿನ ಪಟ್ಟಿಯ ಅಂಚಿನಲ್ಲಿ ಜೋತಾಡಿ ಬಿದ್ದುಹೋದ ಹಾಡುಗಳು. ಯಾರಿಗೋ ಅನ್ಯಾಯವಾಗಿದೆ ಎಂಬ ಕನಿಕರದಿಂದ ಯೂಟ್ಯೂಬಿನಲ್ಲಿ ಹುಡುಕಿ ಕೇಳುತ್ತೇನೆ. ಹೆಚ್ಚಿನ ಸಲ ಅನ್ಯಾಯವೇನೂ ಆಗಿರುವುದಿಲ್ಲ. ಒಂದು ವಾರವೇ ಜಾಸ್ತಿಯಾಯಿತು ಅನ್ನಿಸುತ್ತದೆ.