ಸ್ಟೇಷನ್ ಮಾಸ್ಟರ ಕೋಟಿನ ಗುಂಡಿ

ಹಳೇ ಸ್ಟೇಷನ್ ಫೋಟೊ ಹಿಡಿದುಕೊಂಡು, ಅದನ್ನು ತೆಗೆದವನು ನಿಂತ ಜಾಗದಲ್ಲೇ ನಿಂತು ಇವತ್ತಿನ ಫೋಟೊ ತೆಗೆಯುವುದು ನನ್ನ ಚಟ. ಕಟ್ಟಡ ಅಲ್ಲೇ ಇದೆ, ಹೋಗಿ ಒತ್ತಿದರಾಯಿತು ಅಲ್ವಾ ಎಂದು ನನ್ನ ಹೆಂಡತಿ ಮೊದಮೊದಲು ಅಂದುಕೊಂಡಿದ್ದಳು. ಈಗ ಜೊತೆಗೆ ಬರುವಾಗ ಪುಸ್ತಕ ತರುತ್ತಾಳೆ. ದಪ್ಪನೆಯದು.

ಆ ಜಾಗ ಹುಡುಕಲು ಒಂದು ಉಪಾಯವಿದೆ. ಫೋಟೊದಲ್ಲಿ ಹತ್ತಿರದ ಒಂದು ಕಂಬ, ದೂರದ ಒಂದು ಕಿಟಕಿ ಹಿಡಿಯಿರಿ. ನೀವು ಎಡಕ್ಕೆ ಸರಿದರೆ ಕಂಬ ಕಿಟಕಿಯಿಂದ ಬಲಕ್ಕೆ ಜಾರುತ್ತದೆ. ಹಿಂದೆ ಹೋದರೆ ಕಂಬ ಬೇಗ ಕುಗ್ಗುತ್ತದೆ, ಕಿಟಕಿ ನಿಧಾನ. ಜೂಮ್ ಇಲ್ಲಿ ಕೆಲಸಕ್ಕೆ ಬಾರದು, ಅದು ಎರಡನ್ನೂ ಒಂದೇ ಸಮ ಹಿಗ್ಗಿಸುತ್ತದೆ. ಹಾಗಾಗಿ ಒಂದು ಕಣ್ಣು ಮುಚ್ಚಿ, ಎರಡು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಪಕ್ಕಕ್ಕೆ. ಪ್ಲಾಟ್‌ಫಾರ್ಮಿನಲ್ಲಿ ಹೀಗೆ ಕುಣಿಯುವವನ ಹತ್ತಿರ ಸೆಕ್ಯುರಿಟಿಯವರು ಬರದೇ ಇರುತ್ತಾರಾ?

"ಯಾವ ರೈಲಿಗೆ ಕಾಯ್ತಿದ್ದೀರಿ?"

"ರೈಲಿಗಲ್ಲ, ಒಂದು ಕಂಬ ಹುಡುಕ್ತಿದ್ದೀನಿ."

"ಯಾವ ಕಂಬ?"

"ಈಗ ಇಲ್ಲ ಅದು."

ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಮುಖ ನೋಡಿದರು. ಅವಳು ಪುಟ ತಿರುಗಿಸಿದಳು.

ಆ ದಿನದ್ದು ಗಾಜಿನ ನೆಗೆಟಿವ್‌ನಿಂದ ಮಾಡಿದ ಪ್ರಿಂಟು. ಸ್ಟೇಷನ್ ಮಾಸ್ಟರು ಮತ್ತು ನಾಲ್ವರು ಸಿಬ್ಬಂದಿ ಸಾಲಾಗಿ ನಿಂತಿದ್ದಾರೆ. ಊರಿನ ಬೋರ್ಡು ಚಿತ್ರದಲ್ಲಿಲ್ಲ. ಗಡಿಯಾರದ ಅಂಕಿ ಮಸುಕು, ಮುಳ್ಳು ಮಾತ್ರ ಸ್ಪಷ್ಟ: 8:20. ನೆರಳೂ ಹೊಂದಬೇಕೆಂಬ ಹಟಕ್ಕೆ ಎಂಟಕ್ಕೇ ಹಾಜರಾಗಿದ್ದೆ.

ಏನೂ ಹೊಂದಲಿಲ್ಲ. ಫೋಟೊದಲ್ಲಿ ಎಡಕ್ಕಿದ್ದ ಕಟ್ಟಡ ಎದುರಿಗೆ ಬಲಕ್ಕಿತ್ತು. ಪ್ಲಾಟ್‌ಫಾರ್ಮಿನ ಆ ತುದಿಗೆ ಹೋದೆ. ಕಟ್ಟಡ ಎಡಕ್ಕೆ ಬಂತು, ಆದರೆ ಹತ್ತಿರ ಇರಬೇಕಾದ ಹೊಗೆಗೂಡು ದೂರ ಹೋಯಿತು. ಮೇಲುಸೇತುವೆ ಮೂರು ಸಲ ಹತ್ತಿಳಿದೆ. ಫೋಟೊ ತೆಗೆದವನ ಮೇಲೇ ಅನುಮಾನ ಬರತೊಡಗಿತು. ನನ್ನ ಮೇಲೆ ಬರಲಿಲ್ಲ, ಅದೇ ನನ್ನ ಸ್ವಭಾವ.

ಕೊನೆಗೆ ಹೆಂಡತಿ ಫೋಟೊ ಕಿತ್ತುಕೊಂಡು ನೋಡಿದಳು. "ರೀ, ಈ ಮಾಸ್ಟರು ಹೆಂಡತಿ ಕೋಟು ಹಾಕ್ಕೊಂಡು ಬಂದಿದ್ದಾರಾ?"

ಗಂಡಸರ ಕೋಟಿನಲ್ಲಿ ಗುಂಡಿ ಬಲಗಡೆ ಇರುತ್ತದೆ, ಹೆಂಗಸರದ್ದರಲ್ಲಿ ಎಡಗಡೆ. ಇಲ್ಲಿ ಐದೂ ಜನರಿಗೆ ಎಡಗಡೆ! ಐದೂ ಜನ ಹೆಂಡತಿಯರ ಕೋಟು ಎತ್ತಿಕೊಂಡು ಬಂದಿರಲಾರರು. ಗಾಜಿನ ನೆಗೆಟಿವನ್ನು ಯಾರೋ ಮಗುಚಿಟ್ಟು ಪ್ರಿಂಟ್ ಹಾಕಿದ್ದರು. ಎಡ ಬಲವಾಗಿತ್ತು. 8:20 ಅಂದರೆ ನಿಜಕ್ಕೂ 3:40.

ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತೆವು. ಅವಳ ಪುಸ್ತಕದಲ್ಲಿ ಪ್ಯಾರಿಸ್ಸಿನ ಮೊಂಪಾರ್ನಾಸ್ ಸ್ಟೇಷನ್ನಿನ ಫೋಟೊ ಇತ್ತು. 1895ರ ಅಕ್ಟೋಬರ್ 22ರಂದು ಬ್ರೇಕ್ ಹಿಡಿಯದ ರೈಲು ಗೋಡೆ ಒಡೆದು ಹೊರಗೆ ಬಂದು, ಎಂಜಿನ್ ಬೀದಿಗೆ ಮೂಗೂರಿ ನಿಂತದ್ದು. "ಇದನ್ನೂ ಮತ್ತೆ ತೆಗೀತೀರಾ?" ಅಂದಳು. ಆ ಕಟ್ಟಡವನ್ನೇ ಕೆಡವಿದ್ದಾರೆ ಅಂದೆ. ಅವಳಿಗೆ ತುಂಬಾ ಸಮಾಧಾನವಾಯಿತು.

3:40ಕ್ಕೆ ಎಲ್ಲ ಕೂಡಿತು. ಕಿಟಕಿ, ಹೊಗೆಗೂಡು, ನೆರಳು. ಸೆಕ್ಯುರಿಟಿಯವರು ತಾವಾಗಿಯೇ ಬಂದು ಮಾಸ್ಟರು ನಿಂತ ಜಾಗದಲ್ಲಿ ಎದೆಯುಬ್ಬಿಸಿ ನಿಂತರು. "ಗುಂಡಿ ಯಾವ ಕಡೆ ಇರಬೇಕು ಅಂದ್ರಿ?"

ಅವರದು ಜಿಪ್ ಜಾಕೆಟ್ಟು.